ದುಂಡಕ್ಷರಕ್ಕೆ ಮುನ್ನ

ಹೆಬ್ಬಾಳದಿಂದ ಯಲಹಂಕದ ಕಡೆಗೆ ಹೆಸರುಹಲಗೆಗಳನ್ನು ಓದುತ್ತ ಹೋಗುವವರಿಗೆ ಒಂದು ಸಂಗತಿ ಕಾಣದೆ ಇರದು. 2024ರ ತಿದ್ದುಪಡಿ ಕಾಯಿದೆ ಹಲಗೆಯ ನೂರಕ್ಕೆ 60 ಪಾಲನ್ನು ಕನ್ನಡಕ್ಕೆ ಕೊಡಿಸಿತು. ಜಾಗವೇನೋ ದೊರೆಯಿತು, ಕಸುವು ದೊರೆಯಲಿಲ್ಲ. ಇಂಗ್ಲಿಷ್ ಅಕ್ಷರಗಳು ಎದೆ ಸೆಟೆದು ನಿಂತಿದ್ದರೆ ಕನ್ನಡದವು ಪಕ್ಕದಲ್ಲಿ ಮುದುಡಿಕೊಂಡಿರುತ್ತವೆ. ಕನ್ನಡ ಲಿಪಿ ಹುಟ್ಟಾ ದುಂಡು, ಮೂಲೆಯುಳ್ಳ ದಪ್ಪಕ್ಷರ ಅದಕ್ಕೆ ಒಗ್ಗದು ಎಂದು ಸಮಾಧಾನ ಹೇಳುವವರುಂಟು. ಶಾಸನಗಳನ್ನು ಕಂಡವರು ಈ ಮಾತನ್ನು ಒಪ್ಪಲಾರರು.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಐದನೆಯ ಶತಮಾನದ ಕದಂಬರ ಸ್ತಂಭವಿದೆ. ಭಾಷೆ ಸಂಸ್ಕೃತ, ಲಿಪಿ ಮಾತ್ರ ನಮ್ಮ ಲಿಪಿಯ ಪೂರ್ವಜ. ಅದರ ಪ್ರತಿಯೊಂದು ಅಕ್ಷರದ ನೆತ್ತಿಯ ಮೇಲೂ ಪುಟ್ಟದೊಂದು ಚೌಕವಿದೆ. ವಿದ್ವಾಂಸರು ಇದನ್ನು ಪೇಟಿಕಾಶಿರ ಲಿಪಿ ಎನ್ನುತ್ತಾರೆ. ಇಂದಿನ ತಲೆಕಟ್ಟಿನ ಜಾಗದಲ್ಲಿ ಅಂದು ಪೆಟ್ಟಿಗೆ! ಕವಿ ಕುಬ್ಜನೇ ಕಾವ್ಯ ರಚಿಸಿ, ತಾನೇ ಕಲ್ಲಿನ ಮೇಲೆ ಬರೆದನೆಂದು ಶಾಸನ ಹೇಳುತ್ತದೆ. ಪದ್ಯದ ಛಂದಸ್ಸಿಗೂ ಅಕ್ಷರದ ಅಂದಕ್ಕೂ ಒಬ್ಬನೇ ಹೊಣೆಯಾದುದು ಅಪರೂಪವಲ್ಲವೆ?

ದುಂಡುತನ ಬಲಿತದ್ದು ಆಮೇಲೆ. ಓಲೆಗರಿಯ ಮೇಲೆ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಆದ್ದರಿಂದ ಅಕ್ಷರ ಬಾಗಿತು ಎಂಬ ವಿವರಣೆ ರೂಢಿಯಲ್ಲಿದೆ. ಕಾರಣ ಅದೊಂದೇ ಇರಲಾರದು. ಆದರೂ ಉಳಿಯ ಅಕ್ಷರ ಬೇರೆ, ಕಂಟದ ಅಕ್ಷರ ಬೇರೆ ಎಂಬುದು ನಿಜ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಶ್ರೀರಾಮಪುರದಲ್ಲಿ ಅಚ್ಚಾದಾಗ ಮೊಳೆಗೆ ಇಳಿದದ್ದು ಈ ದುಂಡು ರೂಪವೇ.

ಅದನ್ನು ದಪ್ಪಗೊಳಿಸಹೊರಟರೆ ತೊಡಕು ಶುರು. ಹೊಟ್ಟೆಯೊಳಗಿನ ಬಯಲು ಮುಚ್ಚಿಹೋಗುತ್ತದೆ. ಮಹಾಪ್ರಾಣದ ಸೀಳು ತುಂಬಿಕೊಂಡರೆ ‘ಧನ’ ಹೋಗಿ ‘ದನ’ವಾಗುತ್ತದೆ, ವ್ಯಾಪಾರಿಗೆ ಇದಕ್ಕಿಂತ ನಷ್ಟ ಬೇಕೆ? ಮೇಲಾಗಿ ಇಂಗ್ಲಿಷಿನ ದೊಡ್ಡಕ್ಷರ ಒಂದೇ ಅಂತಸ್ತಿನ ಮನೆ. ನಮ್ಮ ‘ವಸ್ತ್ರ’ಕ್ಕೆ ಕೆಳಗೂ ಅಂತಸ್ತು ಬೇಕು. ಹಲಗೆಯ ಎತ್ತರ ಒಂದೇ ಇದ್ದಾಗ ಒತ್ತಕ್ಷರಕ್ಕೆ ಎಡೆ ಮಾಡಿಕೊಡಲು ಇಡೀ ಪದವೇ ಕುಗ್ಗಬೇಕಾಗುತ್ತದೆ. ದುಂಡಕ್ಷರದ ಗೆರೆಯನ್ನು ಉಬ್ಬಿಸಿದ ಮಾತ್ರಕ್ಕೆ ಇದು ಬಗೆಹರಿಯದು. ರೂಪವನ್ನೇ ಹೊಸದಾಗಿ ಕಡೆಯಬೇಕು.

ಜರ್ಮನಿಯ ರುಡಾಲ್ಫ್ ಕೋಖ್ 1923ರಲ್ಲಿ ಮಾಡಿದ್ದು ಅದನ್ನೇ. ಕಾಗದದ ಮೇಲೆ ನಕ್ಷೆ ಬರೆಯದೆ ನೇರವಾಗಿ ಲೋಹದಲ್ಲೇ ಕೊರೆದು ‘ನಾಯ್‌ಲಾಂಟ್’ ಎಂಬ ಮೊಂಡು ಮೂಲೆಗಳ ದಪ್ಪಕ್ಷರವನ್ನು ಆತ ತಂದ. ಒಂದು ಗಾತ್ರದ ಅಕ್ಷರ ಇನ್ನೊಂದು ಗಾತ್ರದಲ್ಲಿ ಯಥಾವತ್ತಾಗಿ ಇರುವುದಿಲ್ಲ. ಆ ಅಕ್ಷರ ಜಾಹೀರಾತಿಗೆ ಹೋಯಿತು. 1993ರಲ್ಲಿ ‘ಜುರಾಸಿಕ್ ಪಾರ್ಕ್’ ಚಿತ್ರದ ಹೆಸರಿಗೂ ಅದರ ಚಹರೆ ಬಂತು. ಅಕ್ಷರದ ಹಣೆಬರಹವನ್ನು ಅದನ್ನು ಕೊರೆದವನು ಬರೆಯಲಾರ!

ನಮಗೆ ಮಾದರಿಗಾಗಿ ಜರ್ಮನಿಯವರೆಗೆ ಹೋಗುವ ಅಗತ್ಯವೂ ಇಲ್ಲ. ಹೆಬ್ಬಾಳದಲ್ಲೇ 2018ರಲ್ಲಿ ಬೆಳಕಿಗೆ ಬಂದ ಕಿಟ್ಟಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಕಾದಿ ಮಡಿದವನ ಹೆಸರನ್ನು ಊರವರು ಓದಲೆಂದು ನಿಲ್ಲಿಸಿದ ಆ ಕಲ್ಲೂ ಒಂದು ಹೆಸರುಹಲಗೆಯೇ. ‘ಪೆರ್ಬೊಳಲ್’ ಎಂದು ನಾಡಿನ ಹೆಸರೂ ಅದರಲ್ಲಿದೆ. ಬೆಂಗಳೂರಿನ ಇಂಥ ಶಾಸನಗಳನ್ನು ಮಿಥಿಕ್ ಸೊಸೈಟಿಯ ಯೋಜನೆ ಮೂರು ಆಯಾಮಗಳ ಸ್ಕ್ಯಾನಿಂಗಿಗೆ ಒಳಪಡಿಸಿದೆ. ಉಳಿ ಎಲ್ಲಿ ಇಳಿಯಿತು, ಎಲ್ಲಿ ತಿರುಗಿತು ಎಂಬುದನ್ನು ಅಕ್ಷರ ವಿನ್ಯಾಸಕರು ಈಗ ಗಣಕದ ಪರದೆಯ ಮೇಲೆಯೇ ಹಿಗ್ಗಿಸಿ ನೋಡಬಹುದು.