ಷಷ್ಠಿಯ ಜಗಳ

2005ರ ಮಳೆಗಾಲದಲ್ಲಿ ಕುದುರೆಮುಖದ ಟೌನ್‌ಶಿಪ್‌ನಲ್ಲಿ ಇದ್ದದ್ದು ಎರಡೇ ಮಾತು. ದೊಡ್ಡವರ ಬಾಯಲ್ಲಿ ಡಿಸೆಂಬರ್ 31, ನಮ್ಮ ಮೂವರ ಬಾಯಲ್ಲಿ ನವೆಂಬರ್‌ನ ಕ್ಯಾಟ್ ಪರೀಕ್ಷೆ.

ಡಿಸೆಂಬರ್ 31 ಯಾಕೆ ಅಂತ ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಇರಾನಿನ ಷಾ ದೊರೆಯ ಕಾಲದಲ್ಲಿ ಅಲ್ಲಿಗೆ ಅದಿರು ಕಳಿಸೋಣ ಅಂತ ಒಪ್ಪಂದವಾಗಿ, 1976ರಲ್ಲಿ ಹುಟ್ಟಿದ ಕಂಪನಿಯ ಊರು ನಮ್ಮದು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಗಿರಾಕಿಯೇ ಮಾಯ! ಆದರೂ ಗಣಿ ನಡೀತು. ಸುತ್ತಲ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯ್ತು. 2002ರಲ್ಲಿ ಸುಪ್ರೀಂ ಕೋರ್ಟು 2005ರ ಕೊನೆಗೆ ಗಣಿ ನಿಲ್ಲಿಸಿ ಅಂದಿತು. ಆ ತೀರ್ಪು ಸರಿ ಅಂತಲೇ ಈಗ ನನ್ನ ಅಭಿಪ್ರಾಯ. ಆಗ ಮಾತ್ರ ಅಪ್ಪನ ಮುಖ ನೋಡೋಕಾಗ್ತಿರಲಿಲ್ಲ.

ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನಮಗೆ ಘಾಟಿ ಇಳಿಯೋಕೆ ಕಂಡ ದಾರಿ ಕ್ಯಾಟ್ ಒಂದೇ. ಒಬ್ಬ ಬಂಗಾಳಿ, ಒಬ್ಬ ತಮಿಳ, ಮತ್ತು ಕಳಸದ ಕಡೆಯ ನಾನು. ಯಾರೋ ಕೊಟ್ಟ ಜೆರಾಕ್ಸ್ ನೋಟ್ಸು, ಹೊರಗೆ ಬಿಡದ ಮಳೆ, ಪದೇ ಪದೇ ಹೋಗುವ ಕರೆಂಟು. ಗಣಿತಕ್ಕೆ ನಾವು ಜಗಳ ಆಡಲೇ ಇಲ್ಲ. ಉತ್ತರ ಬಂದರೆ ಬಂತು, ಇಲ್ಲಾಂದ್ರೆ ಇಲ್ಲ. ಜಗಳವೆಲ್ಲ ವಾಕ್ಯ ತಿದ್ದುವ ಪ್ರಶ್ನೆಗಳಲ್ಲಿ. ಎರಡು ದಿನ ಮಾತು ಬಿಡಿಸಿದ್ದಂತೂ ಒಂದೇ ವಾಕ್ಯ.

ಟೋನಿ ಮಾರಿಸನ್‌ರ ಪ್ರತಿಭೆ ಆಕೆಗೆ ಕಾದಂಬರಿ ಬರೆಯುವ ಶಕ್ತಿ ಕೊಡುತ್ತದೆ ಅನ್ನೋ ಅರ್ಥದ ಇಂಗ್ಲಿಷ್ ವಾಕ್ಯ ಅದು. ತಪ್ಪು ಎಲ್ಲಿದೆ? ಎಲ್ಲೂ ಇಲ್ಲ ಅಂತ ನಾನು. ಇದೆ ಅಂತ ಬಂಗಾಳಿ ಗೆಳೆಯ. ‘ಮಾರಿಸನ್‌ರ’ ಅನ್ನೋದು ಷಷ್ಠಿ ವಿಭಕ್ತಿ, ಅಂದರೆ ವಿಶೇಷಣದ ಹಾಗೆ. ‘ಆಕೆ’ ಅನ್ನುವ ಸರ್ವನಾಮ ನಾಮಪದವನ್ನೇ ಹಿಡೀಬೇಕು, ಷಷ್ಠಿಯನ್ನು ಹಿಡಿಯೋ ಹಾಗಿಲ್ಲ ಅಂತ ಅವನ ವಾದ.

ಈ ಜಗಳ ನಮಗಿಂತ ಮೊದಲೇ ಅಮೆರಿಕದಲ್ಲಿ ಆಗಿಹೋಗಿತ್ತು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಲ್ಲಿ ಕಾಲೇಜು ಸೇರೋಕೆ ಎಸ್‌ಎಟಿ ಇದೆಯಲ್ಲ, ಅದರ ತಾಲೀಮು ಪರೀಕ್ಷೆ ಪಿಎಸ್‌ಎಟಿ. ವಿದ್ಯಾರ್ಥಿವೇತನದ ಬಾಗಿಲೂ ಅದೇ. 2002ರ ಅಕ್ಟೋಬರ್‌ನಲ್ಲಿ ಈ ವಾಕ್ಯ ಕೇಳಿದ್ದರು. ಪರೀಕ್ಷೆ ಮಾಡಿದವರ ಉತ್ತರ ‘ತಪ್ಪಿಲ್ಲ’. ಮೇರಿಲ್ಯಾಂಡಿನ ಕೆವಿನ್ ಕೀಗನ್ ಎಂಬ ಮೇಷ್ಟ್ರು ಬಿಡಲಿಲ್ಲ; ಪತ್ರದ ಮೇಲೆ ಪತ್ರ ಬರೆದರು. ಕೊನೆಗೆ 2003ರಲ್ಲಿ ಕಾಲೇಜ್ ಬೋರ್ಡ್ ಸೋತು, ಆ ಪ್ರಶ್ನೆ ಕೈಬಿಟ್ಟು ಅಂಕಗಳನ್ನು ಮತ್ತೆ ಲೆಕ್ಕ ಹಾಕಿತು. ಲಕ್ಷಾಂತರ ಮಕ್ಕಳು ಬರೆದ ಪರೀಕ್ಷೆ ಸ್ವಾಮಿ! ಮಜಾ ಅಂದರೆ, ಅನೇಕ ಭಾಷಾವಿಜ್ಞಾನಿಗಳ ಪ್ರಕಾರ ಆ ನಿಯಮವೇ ಪೊಳ್ಳು. ಕೈಪಿಡಿಗಳಲ್ಲಿದೆ, ಒಳ್ಳೆಯ ಲೇಖಕರು ಯಾರೂ ಪಾಲಿಸಿಲ್ಲ.

ನಮ್ಮ ಜಗಳ ಹೋದದ್ದು ಪಕ್ಕದ ಬೀದಿಯ ನಿವೃತ್ತ ಕನ್ನಡ ಮೇಷ್ಟ್ರ ಹತ್ತಿರ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ವಾಕ್ಯ ಕೇಳಿಸಿಕೊಂಡು, ‘ಹಿಂದಿನವರು ಯಾರು ಹೀಗೆ ಬರೆದಿದಾರೆ, ತೋರ್ಸಿ’ ಅಂದರು. ಅದು ಕೇಶಿರಾಜನ ದಾರಿ. 13ನೇ ಶತಮಾನದ ‘ಶಬ್ದಮಣಿದರ್ಪಣ’ದಲ್ಲಿ ಮೊದಲು ಸೂತ್ರ, ಆಮೇಲೆ ವೃತ್ತಿ, ಕೊನೆಗೆ ಪ್ರಯೋಗ. ಪ್ರಯೋಗ ಅಂದರೆ ಹಿಂದಿನ ಕವಿಗಳ ಸಾಕ್ಷಿ. ಅಸಗ, ಶ್ರೀವಿಜಯ, ಪೊನ್ನ ಇಂಥವರ ಹೆಸರು ಹೇಳಿಯೇ ಆತ ಶುರು ಮಾಡೋದು. ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದರೆ ಅರಿಸಮಾಸ, ದೋಷ ಅಂತಾನೆ. ಹಳೆಯ ಬಿರುದುಗಳಲ್ಲಿ ಇದ್ದರೆ ನಡೆಯುತ್ತೆ ಅಂತಲೂ ಸೇರಿಸ್ತಾನೆ. ನಿಯಮ ಮಾಡಿದವನೇ ಬಳಕೆಗೆ ತಲೆಬಾಗೋದು ಅಂದರೆ ಇದು. 1604ರಲ್ಲಿ ಭಟ್ಟಾಕಳಂಕ ಕನ್ನಡಕ್ಕೆ 592 ಸೂತ್ರ ಬರೆದದ್ದು ಸಂಸ್ಕೃತದಲ್ಲಿ. ಅವನ ಬಗ್ಗೆ ಮೇಷ್ಟ್ರಿಗೆ ಅಷ್ಟು ಪ್ರೀತಿ ಇರಲಿಲ್ಲ, ಬಿಡಿ.

ಆಮೇಲೆ ಅವರು ಹಲಗೆಯ ಮೇಲೆ ಎರಡು ವಾಕ್ಯ ಬರೆದರು. ‘ರಮೇಶನ ಅಪ್ಪ ತನ್ನ ಸ್ಕೂಟರ್ ಮಾರಿದ.’ ‘ರಮೇಶನ ಅಪ್ಪ ಅವನ ಸ್ಕೂಟರ್ ಮಾರಿದ.’ ಮೊದಲನೆಯದರಲ್ಲಿ ಸ್ಕೂಟರ್ ಅಪ್ಪನದೇ. ಎರಡನೆಯದರಲ್ಲಿ ರಮೇಶನದೂ ಆಗಬಹುದು, ಅಂದರೆ ‘ಅವನ’ ಅನ್ನೋದು ‘ರಮೇಶನ’ ಎಂಬ ಷಷ್ಠಿಯನ್ನೇ ಆರಾಮಾಗಿ ಹಿಡೀತು. ಗೊಂದಲ ತಪ್ಪಿಸೋಕೆ ನಮಗೆ ‘ತಾನು’ ಇದೆ, ಇಂಗ್ಲಿಷಿಗೆ ಅಂಥ ಪದ ಇಲ್ಲ ಅಂದರು. ತಮಿಳು ಗೆಳೆಯ ‘ನಮ್ಮಲ್ಲೂ ಹಾಗೇ’ ಅಂದ. ಬಂಗಾಳಿ ಮಾತ್ರ, ‘ಸರ್, ಉತ್ತರಪತ್ರಿಕೆ ತಿದ್ದೋದು ಕೇಶಿರಾಜ ಅಲ್ವಲ್ಲ’ ಅಂದ. ಮೇಷ್ಟ್ರು ನಕ್ಕರು. ಅವನಿಗೆ ನಗು ಬರಲಿಲ್ಲ. ಅವನಪ್ಪ ಆಗಲೇ ಸಾಮಾನು ಕಟ್ಟೋಕೆ ಶುರು ಮಾಡಿದ್ದರು, ಒಂದು ಪ್ರಶ್ನೆ ತಪ್ಪಿದರೆ ನೆಗೆಟಿವ್ ಮಾರ್ಕು ಬೇರೆ.

2023ರ ಕೊನೆಗೆ ಬಂದ ಹೊಸ ಜಿಮ್ಯಾಟ್‌ನಲ್ಲಿ ವಾಕ್ಯ ತಿದ್ದುವ ಪ್ರಶ್ನೆಗಳನ್ನೇ ತೆಗೆದುಹಾಕಿದರು. ಸುದ್ದಿ ಓದಿ ಅವನಿಗೆ ಮೆಸೇಜ್ ಹಾಕಿದೆ. ‘ಆದ್ರೂ ಅದು ತಪ್ಪೇ ಕಣೋ’ ಅಂತ ಬರೆದ.