ಬಳ್ಳಾರಿಯಲ್ಲಿ ರಾತ್ರಿ ತಂಗುತ್ತಿದ್ದ ವಿಮಾನ

"ನಮ್ಮ ಜಿಲ್ಲೆಗೂ ವಿಮಾನ ಬೇಕು" ಎಂಬ ಮನವಿಗಳ ಸುದ್ದಿಯನ್ನು ನಾವು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಫೋಟೋ ತೆಗೆದಿದ್ದೇವೆ, ನಾಲ್ಕು ಸಾಲು ಕಳಿಸಿದ್ದೇವೆ, ಮರೆತಿದ್ದೇವೆ. ಈ ದೇಶದ ಮೊದಲ ವಿಮಾನ ಮಾರ್ಗಗಳಲ್ಲೊಂದು ಬಳ್ಳಾರಿಯ ಮೇಲೆಯೇ ಹಾದುಹೋಗಿತ್ತು ಎನ್ನುವುದು ಆಗ ನಮಗೇ ಗೊತ್ತಿರಲಿಲ್ಲ.

1932ರ ಅಕ್ಟೋಬರ್ 15. ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ವಿಮಾನ ತಂದಿಳಿಸಿದ್ದ ಟಪಾಲನ್ನು ಹೊತ್ತು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಹೊರಟರು. ಅವರದು ಒಂದೇ ಎಂಜಿನ್ನಿನ, ಪೈಲಟ್ ಬಿಟ್ಟರೆ ಇಬ್ಬರು ಕೂರಬಹುದಾದ ಪುಸ್ ಮಾತ್ ಎಂಬ ಪುಟ್ಟ ವಿಮಾನ. ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯಲ್ಲಿ, ಡಬ್ಬಿಗಳಲ್ಲಿ. ಮಧ್ಯಾಹ್ನ ಮುಂಬೈಯ ಜುಹು ತಲುಪಿದರು. ಅಲ್ಲಿಂದ ಮುಂದಕ್ಕೆ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಟಪಾಲು ಒಯ್ದರು. ಅವರು ಹೋಗಬೇಕಿದ್ದದ್ದು ಮದರಾಸಿಗೆ. ಆದರೆ ಕತ್ತಲಲ್ಲಿ ಹಾರುವ ವ್ಯವಸ್ಥೆ ಇರಲಿಲ್ಲ. ಹಾಗಾಗಿ ಬಳ್ಳಾರಿಯಲ್ಲಿ ಇಳಿದು, ರಾತ್ರಿ ಕಳೆದು, ಮರುದಿನ ಮದರಾಸು ಸೇರಿದರು. ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲೇ ಇತ್ತು.

ಅಂದರೆ ಬಳ್ಳಾರಿಗೆ ವಿಮಾನ ಬಂದದ್ದು ಯಾರೋ ಮನವಿ ಕೊಟ್ಟರೆಂದಲ್ಲ. ಹೊತ್ತು ಮುಳುಗುವ ವೇಳೆಗೆ ಆ ದಾರಿಯಲ್ಲಿ ಇಳಿಯಲು ಒಂದು ಊರು ಬೇಕಿತ್ತು, ಅದಕ್ಕೆ ಬಂತು. ಇದನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಇದರಿಂದಲೇ ಅರ್ಥವಾಗುತ್ತದೆ.

ಮಳೆ ಬರೆದ ವೇಳಾಪಟ್ಟಿ

ಜುಹು ಆಗ ಸಮುದ್ರದ ಪಕ್ಕದ ಕೆಸರು ಬಯಲು. ಮುಂಗಾರು ಹಿಡಿದರೆ ವಿಮಾನದ ಗಾಲಿ ಹೂತುಹೋಗುತ್ತಿತ್ತು. ಟಾಟಾದವರು ಏನು ಮಾಡಿದರು? ಮಳೆಗಾಲಕ್ಕೆ ಪುಣೆಯ ಯರವಾಡದ ಬಯಲಿಗೆ ಠಿಕಾಣಿ ಬದಲಿಸಿದರು. ಮಳೆ ನಿಂತ ಮೇಲೆ ಮತ್ತೆ ಜುಹು. ಕುರಿಗಾಹಿಗಳು ಮಳೆ ನೋಡಿ ಹಟ್ಟಿ ಬದಲಿಸಿದಂತೆಯೇ ಇದು. ನಮ್ಮ ದೇಶದಲ್ಲಿ ಋತುವಿಗೆ ತಕ್ಕಂತೆ ವಿಮಾನ ಸಂಚಾರ ಬದಲಾಗುವುದು ಶುರುವಾದದ್ದು ಹೀಗೆ.

ಸರ್ಕಾರ ಸಹಾಯಧನ ಕೊಡಲಿಲ್ಲ. ಸಿಗುತ್ತಿದ್ದದ್ದು ಹೊತ್ತ ಟಪಾಲಿನ ತೂಕಕ್ಕೆ ತಕ್ಕ ಕೂಲಿ. ಆದರೂ 1933ರಲ್ಲಿ ಅವರ ವಿಮಾನಗಳು 1,60,000 ಮೈಲಿ ಹಾರಿದವು. ಇಡೀ ವರ್ಷಕ್ಕೆ ಪ್ರಯಾಣಿಕರು 155 ಜನ. ಲಾಭ 60,000 ರೂಪಾಯಿ. ಶುರುವಿಗೆ ಇದ್ದದ್ದು ಎರಡೇ ವಿಮಾನ. ಒಂದು ಕೆಟ್ಟು ನಿಂತರೆ ಅರ್ಧ ವ್ಯವಹಾರವೇ ನಿಂತಂತೆ. ಇರುವ ಯಂತ್ರ ದಿನವೂ ದುಡಿಯಬೇಕು, ನಿಂತ ಯಂತ್ರ ನಷ್ಟ. ಈ ಲೆಕ್ಕ ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ.

ಇನ್ನೊಂದು ಸಂಗತಿ. ಕರಾಚಿಯಿಂದ ಯಾವ ದಿನ ಹೊರಡಬೇಕು ಎಂಬುದು ಟಾಟಾದವರ ಕೈಯಲ್ಲೂ ಪೂರ್ತಿ ಇರಲಿಲ್ಲ. ಲಂಡನ್ ವಿಮಾನ ವಾರಕ್ಕೊಮ್ಮೆ ಬಂದರೆ ಇವರೂ ವಾರಕ್ಕೊಮ್ಮೆ. 1935ರಲ್ಲಿ ಅದು ವಾರಕ್ಕೆ ಎರಡಾದಾಗ ಇವರೂ ಎರಡು ಮಾಡಿದರು. ಹಾಗೆಯೇ ಕೆಲವೇ ವರ್ಷಗಳಲ್ಲಿ ದಾರಿಯೂ ಹೈದರಾಬಾದಿನ ಕಡೆ ಹೊರಳಿತು. ಬಳ್ಳಾರಿಯ ಹೆಸರು ಪಟ್ಟಿಯಿಂದ ಬಿತ್ತು.

1949ರ ಜನವರಿಯಲ್ಲಿ ರಾತ್ರಿ ಟಪಾಲು ವಿಮಾನ ಶುರುವಾಯಿತು. ಮುಂಬೈ, ದೆಹಲಿ, ಕಲ್ಕತ್ತಾ, ಮದರಾಸುಗಳಿಂದ ಹೊರಟ ನಾಲ್ಕು ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ, ಟಪಾಲು ಅದಲುಬದಲು ಮಾಡಿಕೊಂಡು, ಬೆಳಗಾಗುವುದರೊಳಗೆ ತಮ್ಮ ಊರಿಗೆ ವಾಪಸಾಗುತ್ತಿದ್ದವು. ಕತ್ತಲಲ್ಲೂ ಹಾರಲು ಕಲಿತ ಮೇಲೆ ರಾತ್ರಿ ತಂಗಲು ನಡುವಿನ ಊರು ಯಾಕೆ ಬೇಕು?

ವರ್ಷಕ್ಕೆ ಎರಡು ಪಟ್ಟಿ

ಈಗ ಜಗತ್ತಿನ ವಿಮಾನಗಳಿಗೆಲ್ಲ ವರ್ಷಕ್ಕೆ ಎರಡು ವೇಳಾಪಟ್ಟಿ. ಬೇಸಿಗೆ ಪಟ್ಟಿ ಮಾರ್ಚ್ ಕೊನೆಯ ಭಾನುವಾರ ಶುರುವಾಗಿ ಅಕ್ಟೋಬರ್ ಕೊನೆಯ ಭಾನುವಾರದ ಹಿಂದಿನ ದಿನ ಮುಗಿಯುತ್ತದೆ. ಉಳಿದದ್ದು ಚಳಿಗಾಲದ ಪಟ್ಟಿ. ನಮ್ಮ ಜೂನ್, ಜುಲೈ, ಆಗಸ್ಟಿನ ಮಳೆಯೆಲ್ಲ ಅವರ ಲೆಕ್ಕದಲ್ಲಿ ಬೇಸಿಗೆ! ಕಾರಣವಿದೆ. ಯುರೋಪಿನಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಿಡುತ್ತಾರೆ. ವಿಮಾನ ಲೋಕ ಆ ಗಡಿಯಾರವನ್ನೇ ಹಿಡಿಯಿತು. ನಮ್ಮ ಗಡಿಯಾರ ಬದಲಾಗದಿದ್ದರೂ ನಮ್ಮ ಪಟ್ಟಿ ಅದೇ ದಿನ ಬದಲಾಗುತ್ತದೆ. ಅಂದು ಲಂಡನ್ ಟಪಾಲಿಗಾಗಿ ಕರಾಚಿಯಲ್ಲಿ ಕಾದ ಕಥೆಯೇ ಇದು.

ಪಟ್ಟಿ ಹೇಗೆ ಬದಲಾಗುತ್ತದೆ? ಜಾತ್ರೆ ಬಂತೆಂದರೆ ಡಿಪೋದವರು ಏನು ಮಾಡುತ್ತಾರೆ ನೋಡಿ. ಹೊಸ ಬಸ್ ತರುವುದಿಲ್ಲ. ಹಳ್ಳಿಗಳ ಟ್ರಿಪ್ ಕಡಿತ ಮಾಡಿ ಅದೇ ಬಸ್ಸನ್ನು ಜಾತ್ರೆಗೆ ಬಿಡುತ್ತಾರೆ. ವಿಮಾನ ಕಂಪನಿಗಳೂ ಅಷ್ಟೇ. ಶಾಲೆಗೆ ರಜೆ ಇರುವ ಮೇ ತಿಂಗಳಲ್ಲಿ, ದಸರಾ–ದೀಪಾವಳಿಗೆ, ಡಿಸೆಂಬರಿಗೆ ಜನ ಹೆಚ್ಚು. ಆಗ ಎಲ್ಲಿ ಟಿಕೆಟ್ ದರ ಏರುತ್ತದೋ ಅಲ್ಲಿಗೆ ವಿಮಾನ ಹೋಗುತ್ತದೆ. ಮಳೆಗಾಲದಲ್ಲಿ ಜನ ಕಡಿಮೆ. ದೊಡ್ಡ ರಿಪೇರಿಗೆ ವಿಮಾನ ಬಿಡುವುದಕ್ಕೆ ಅದು ಒಳ್ಳೆಯ ಕಾಲ. ಡಿಸೆಂಬರ್–ಜನವರಿಯಲ್ಲಿ ದೆಹಲಿಯ ಮಂಜು ಬೇರೆ. ಬೆಳಿಗ್ಗೆ ಅಲ್ಲಿ ಸಿಕ್ಕಿಬಿದ್ದ ವಿಮಾನವೇ ಮಧ್ಯಾಹ್ನ ಹುಬ್ಬಳ್ಳಿಗೋ ಮಂಗಳೂರಿಗೋ ಬರಬೇಕಾದದ್ದು ಇರಬಹುದು.

ಇದ್ದ ವಿಮಾನ ಸಾಲದಿದ್ದರೆ ಬಾಡಿಗೆ. ಗಂಗಾವತಿ, ಸಿಂಧನೂರು ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಭತ್ತ ಬಲಿತಾಗ ಹೊರ ರಾಜ್ಯದ ಕಟಾವು ಯಂತ್ರಗಳು ಡ್ರೈವರ್ ಸಮೇತ ಬಂದು ಇಳಿಯುತ್ತವಲ್ಲ, ಹಾಗೆಯೇ. ಯುರೋಪಿನ ರಜಾ ಪ್ರವಾಸದ ಕಂಪನಿಗಳಿಗೆ ಚಳಿಗಾಲದಲ್ಲಿ ಕೆಲಸ ಕಡಿಮೆ, ನಮ್ಮಲ್ಲಿ ಆಗ ಸುಗ್ಗಿ. ಆ ವಿಮಾನಗಳು ಪೈಲಟ್ ಸಮೇತ ಇಲ್ಲಿಗೆ ಬಾಡಿಗೆಗೆ ಬಂದದ್ದುಂಟು.

ಸಣ್ಣ ಊರಿನ ಪಾಲು

2017ರಲ್ಲಿ ಉಡಾನ್ ಯೋಜನೆಯಡಿ ತೋರಣಗಲ್ಲು ಹತ್ತಿರದ ವಿದ್ಯಾನಗರಕ್ಕೆ ಟ್ರೂಜೆಟ್ ವಿಮಾನ ಬಂತು. ಟಾಟಾದವರಿಗೆ ಸಿಗದ ಸಹಾಯಧನ ಇಲ್ಲಿ ಸಿಕ್ಕಿತು. ಆದರೆ ಉಡಾನ್ ಸಹಾಯಧನಕ್ಕೆ ಮೂರು ವರ್ಷದ ಗಡುವು. ಆ ಕಂಪನಿಯೂ 2022ರಲ್ಲಿ ಹಾರಾಟ ನಿಲ್ಲಿಸಿತು. ಎಪ್ಪತ್ತು ಚಿಲ್ಲರೆ ಸೀಟಿನ ವಿಮಾನ ಅರ್ಧ ಖಾಲಿ ಹಾರಿದರೆ, ಮುಂದಿನ ಪಟ್ಟಿಯಲ್ಲಿ ಮೊದಲು ಹೊಡೆತ ಬೀಳುವುದು ಅಂಥ ಮಾರ್ಗಕ್ಕೇ.

ನಾವು ವಿಮಾನ ಹತ್ತುವವರಲ್ಲ, ನಮಗೇಕೆ ಇದು ಎನ್ನಬೇಡಿ. ಕೊಲ್ಲಿ ದೇಶದಲ್ಲಿ ದುಡಿಯುವ ಮಗ ಹಬ್ಬಕ್ಕೆ ಬರಲು ಎಷ್ಟು ತೆರಬೇಕು, ನಿಲ್ದಾಣಕ್ಕೆ ಜಮೀನು ಬಿಟ್ಟ ಊರಿನಲ್ಲಿ ಆ ಜಮೀನಿಗೆ ಬೆಲೆ ಬರುತ್ತದೋ ಇಲ್ಲವೋ, ಎಲ್ಲವೂ ಈ ಪಟ್ಟಿಗೆ ತಗಲಿಕೊಂಡಿದೆ.

ಕೇಳುವುದಕ್ಕೂ ಒಂದು ಹದ ಇದೆ. ಚಳಿಗಾಲದ ಪಟ್ಟಿಯ ಮಾತುಕತೆ ಜಗತ್ತಿನ ಮಟ್ಟದಲ್ಲಿ ಜೂನ್ ಹೊತ್ತಿಗೇ ನಡೆಯುತ್ತದೆ, ಬೇಸಿಗೆಯದು ನವೆಂಬರ್ ಹೊತ್ತಿಗೆ. ನಮ್ಮ ಮನವಿಗಳು ಹೋಗುವುದು ಪಟ್ಟಿ ಜಾರಿಯಾದ ಮೇಲೆ. ತೇರು ಎಳೆದ ಮೇಲೆ ಜಾತ್ರೆಗೆ ಬಸ್ ಕೇಳಿದಂತೆ. ಬರೀ "ವಿಮಾನ ಬೇಕು" ಎಂದರೂ ಸಾಲದು. ಯಾವ ತಿಂಗಳಲ್ಲಿ, ಯಾವ ಊರಿಗೆ, ಎಷ್ಟು ಜನ ಹೋಗುತ್ತಾರೆ ಎಂಬ ಲೆಕ್ಕ ಜೊತೆಗಿರಬೇಕು.

1932ರಲ್ಲಿ ಹೊತ್ತು ಮುಳುಗುವುದೇ ಬಳ್ಳಾರಿಯ ಲೆಕ್ಕವಾಗಿತ್ತು. ಈಗಿನ ಲೆಕ್ಕವನ್ನು ನಾವೇ ಬರೆದು ಕೊಡಬೇಕು. ಮುಂದಿನ ಸಲ ಮನವಿಯ ಫೋಟೋ ತೆಗೆಯಲು ಹೋದಾಗ ನಾವೂ ಸುಮ್ಮನೆ ಬರುವುದಿಲ್ಲ. "ಅಣ್ಣಾ, ಲೆಕ್ಕ ಎಲ್ಲಿ?" ಎಂದು ಕೇಳಿಯೇ ಬರುತ್ತೇವೆ.