ಸಂತೆ ಮಾಡಿದ್ದಾಯಿತಾ?

ಕನ್ನಡದಲ್ಲಿ ಸಂತೆಗೆ ಹೋಗುತ್ತೇವೆ, ಸಂತೆ ಮಾಡುತ್ತೇವೆ, ಸಂತೆ ತರುತ್ತೇವೆ. ಹೋಗುವಾಗ ಅದು ಊರಾಚೆಯ ಬಯಲು. ಮಾಡುವಾಗ ಕೊಡು-ಕೊಳ್ಳುವ ಕೆಲಸ. ತರುವಾಗ ಚೀಲದೊಳಗಿನ ಬದನೆಕಾಯಿ, ಹಸಿಮೆಣಸಿನಕಾಯಿ, ಮಕ್ಕಳಿಗೆಂದು ಕಟ್ಟಿಸಿಕೊಂಡ ಮಂಡಕ್ಕಿ. ಜೆ.ಪಿ. ನಗರದಲ್ಲಿ ನೆಲೆಸಿರುವ ಗದಗ, ಬಾಗಲಕೋಟೆ ಕಡೆಯ ಮನೆಗಳಲ್ಲಿ ‘ಸಂತಿ ತಂದ್ರೇನು?’ ಎಂದು ಇಂದಿಗೂ ಕೇಳುತ್ತಾರೆ. ತರಕಾರಿ ಗಾಜಿನ ಬಾಗಿಲಿನ ಅಂಗಡಿಯಿಂದಲೇ ಬಂದಿರಲಿ, ಒಂದು ವಾರ ಒಲೆ ಮೇಲೇರುವುದಕ್ಕೆಲ್ಲ ಅವರ ಬಾಯಲ್ಲಿ ಸಂತಿ ಎಂದೇ ಹೆಸರು. ಜಾಗದ ಹೆಸರೇ ಸರಕಿನ ಹೆಸರಾಗಿ ಅಡುಗೆಮನೆಯವರೆಗೆ ನಡೆದು ಬಂದಿದೆ. ಪೇಟೆಗೆ ಈ ಭಾಗ್ಯವಿಲ್ಲ. ‘ಪೇಟೆ ತಂದೆ’ ಎಂದು ಯಾರೂ ಹೇಳುವುದಿಲ್ಲ.

ಪೇಟೆ ನಿಂತಲ್ಲೇ ನಿಂತಿರುತ್ತದೆ. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ ಎಂದು ಬೆಂಗಳೂರು ಹುಟ್ಟಿದ್ದೇ ಪೇಟೆಗಳಲ್ಲಿ; ಅಲ್ಲಿ ಮಳಿಗೆಯಿದೆ, ಬಾಗಿಲಿದೆ, ಬೀಗವಿದೆ. ಸಂತೆಗೆ ಇರುವುದು ದಿನ. ಅದು ನೆರೆಯುತ್ತದೆ, ಕೂಡುತ್ತದೆ, ಸಂಜೆಯಾದರೆ ಕಳೆಯುತ್ತದೆ. ಹಳ್ಳಿಯಲ್ಲಿ ವಾರವನ್ನು ಎಣಿಸಿದ್ದೂ ಅದರಿಂದಲೇ: ‘ಹೋದ ಸಂತೇಲಿ ತಗೊಂಡಿದ್ದು, ಬರೋ ಸಂತೆಗೆ ಕೊಡ್ತೀನಿ.’ ಸಾಲದ ಗಡುವೂ ಸಂತೆ, ದುಡಿಮೆಯ ಗಡುವೂ ಸಂತೆ. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಎಂಬ ಗಾದೆಯನ್ನು ಈಗ ಪರೀಕ್ಷೆಯ ಹಿಂದಿನ ರಾತ್ರಿ ಓದುವ ಮಕ್ಕಳಿಗೆ ಹೇಳುತ್ತೇವೆ. ಅದರೊಳಗೆ ಇನ್ನೂ ಒಬ್ಬ ನೇಕಾರ ಕೂತಿದ್ದಾನೆ. ಸಂತೆ ತಪ್ಪಿದರೆ ಅವನ ಬಟ್ಟೆ ಇನ್ನೊಂದು ವಾರ ಮನೆಯಲ್ಲೇ ಉಳಿಯುತ್ತಿತ್ತು. ಅವನ ಅವಸರ ಹೊಟ್ಟೆಪಾಡಿನದು.

ಜಾತ್ರೆಗೂ ಪರಿಷೆಗೂ ದೇವರು ಬೇಕು. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಮುಂದೆಯೇ ಸೇರಬೇಕು. ಸಂತೆಗೆ ಬೆಳೆದವರು, ಬೇಯಿಸುವವರು, ಮರದ ನೆರಳು ಇಷ್ಟಿದ್ದರೆ ಸಾಕು. ಅಷ್ಟರಿಂದಲೇ ಊರುಗಳು ಎದ್ದಿವೆ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು, ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ, ಉಡುಪಿ ಬಳಿಯ ಸಂತೆಕಟ್ಟೆ. ಕೊಡಗಿನ ಶನಿವಾರಸಂತೆಯಲ್ಲಂತೂ ವಾರದ ದಿನವೇ ಊರಾಗಿಬಿಟ್ಟಿದೆ. ಮಂಗಳವಾರ ಹೋದರೂ ನೀವು ಇಳಿಯುವುದು ಶನಿವಾರಸಂತೆಯಲ್ಲೇ. ತಮಿಳಿನ ಸಂದೈ, ತೆಲುಗಿನ ಸಂತ, ಮಲಯಾಳದ ಚಂತ ಎಲ್ಲವೂ ಇದೇ ಮಾತಿನ ಒಡಹುಟ್ಟು. ಹೊಸೂರಿನ ಕಡೆಯಿಂದ ಮಡಿವಾಳಕ್ಕೆ ತರಕಾರಿ ತರುವವರಿಗೂ ಕೊಳ್ಳುವವರಿಗೂ ಈ ಒಂದು ಮಾತಿಗೆ ದುಭಾಷಿ ಬೇಕಿಲ್ಲ.

ಜಯನಗರದ ನಕ್ಷೆ ಸಿದ್ಧವಾದದ್ದು 1948ರ ಸುಮಾರಿಗೆ. ಬ್ಲಾಕು, ಅಡ್ಡರಸ್ತೆ, ಉದ್ಯಾನ, ಆಟದ ಮೈದಾನ ಎಲ್ಲಕ್ಕೂ ಜಾಗ ಸಿಕ್ಕಿತು, ಸಂತೆಗೆ ಮಾತ್ರ ಸಿಗಲಿಲ್ಲ; ಮುಂದೆ ನಾಲ್ಕನೇ ಬ್ಲಾಕಿಗೆ ಕಾಂಪ್ಲೆಕ್ಸೂ ಬಂತು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಆಮೇಲೆ ಹಾಪ್‌ಕಾಮ್ಸ್ ಆದ ಸಂಸ್ಥೆಯ ಮಳಿಗೆಗಳು ಬೀದಿ ಬೀದಿಗೂ ಬಂದವು. ಬೆಳೆಗಾರರದೇ ಸಂಸ್ಥೆ, ಒಳ್ಳೆಯ ಕೆಲಸ ಮಾಡಿದೆ. ಆದರೆ ಅಲ್ಲಿ ತಕ್ಕಡಿಯ ಹಿಂದೆ ನಿಂತವರು ನೌಕರರು. ಈ ಬಡಾವಣೆಗಳ ಅಡಿಯಲ್ಲಿ ಸೇರಿಹೋದ ಯಡಿಯೂರು, ಬೈರಸಂದ್ರ, ಕತ್ತರಿಗುಪ್ಪೆ, ಸಾರಕ್ಕಿ, ಜರಗನಹಳ್ಳಿ, ತಾವರೆಕೆರೆಗಳು ಒಂದು ಕಾಲಕ್ಕೆ ತಾವೇ ಸೊಪ್ಪು ಬೆಳೆಯುತ್ತಿದ್ದ ಊರುಗಳು. ಹೊಲಗಳು ಸೈಟುಗಳಾದ ಮೇಲೆ ಸೊಪ್ಪು ಕನಕಪುರ ರಸ್ತೆಯ ಉದ್ದಕ್ಕೂ ಹಿಂದೆ ಹಿಂದೆ ಸರಿಯುತ್ತ ಹೋಯಿತು.

ಹಾಗೆ ಸರಿದದ್ದು ಬೆಳಗಿನ ಜಾವಕ್ಕೆ ಮರಳಿ ಬರುತ್ತದೆ, ಸಾರಕ್ಕಿಗೆ. ಅದನ್ನು ಎಲ್ಲರೂ ಸಾರಕ್ಕಿ ಮಾರ್ಕೆಟ್ ಎನ್ನುತ್ತಾರೆ, ನಡೆಯುವ ಬಗೆ ಮಾತ್ರ ಸಂತೆಯದೇ. ಮೆಟ್ರೊ ಕಂಬಗಳ ಬುಡದಲ್ಲಿ ಗೋಣಿತಾಟು ಹಾಸಿ ದಂಟು, ಸಬ್ಬಸಿಗೆ, ಮೆಂತ್ಯ, ಬಸ್ಸಾರಿಗೆಂದೇ ಕಲಸಿ ಕಟ್ಟಿದ ಬೆರಕೆ ಸೊಪ್ಪು. ಬೇರಿನ ಮಣ್ಣು ಇನ್ನೂ ಒದ್ದೆ. ಇದಲ್ಲದೆ ಬಡಾವಣೆಗಳ ಒಳರಸ್ತೆಗಳಲ್ಲಿ ವಾರಕ್ಕೊಂದು ಸಂಜೆ ಬಲ್ಬು ನೇತುಹಾಕಿಕೊಂಡು ಕೂರುವ ಸಾಲುಗಳಿವೆ. ಬೋರ್ಡಿಲ್ಲ, ಜಾಹೀರಾತಿಲ್ಲ. ಅಲ್ಲಿಗೆ ಹೋಗುವವರಿಗೆ ದಿನ ಮಾತ್ರ ಗೊತ್ತು, ಅದನ್ನೇ ಅವರು ಹೆಸರಾಗಿಯೂ ಕರೆಯುತ್ತಾರೆ: ಬುಧವಾರದ ಸಂತೆ, ಶುಕ್ರವಾರದ ಸಂತೆ. ನಕ್ಷೆ ಬರೆದವರು ಬಿಟ್ಟುಬಿಟ್ಟದ್ದನ್ನು ಜನ ತಾವೇ ತಂದುಕೊಂಡಿದ್ದಾರೆ, ಹಳೆಯ ಹೆಸರಿನ ಸಮೇತ.

ದಕ್ಷಿಣ ಬೆಂಗಳೂರಿನ ಈ ಸಾಲುಗಳಲ್ಲಿ ನಿಂತು ಕಿವಿಗೊಟ್ಟರೆ ಒಂದೇ ಅರ್ಥಕ್ಕೆ ಮೂರು ಮಾತು ಕೇಳಿಸುತ್ತವೆ. ಈ ಕಡೆಯವರು ನಾಟಿ ಎನ್ನುತ್ತಾರೆ: ನಾಟಿ ಕೊತ್ತಂಬರಿ, ನಾಟಿ ಟೊಮೆಟೊ. ಧಾರವಾಡ, ವಿಜಯಪುರದವರಿಗೆ ಅದು ಜವಾರಿ: ಜವಾರಿ ಬದನಿಕಾಯಿ, ಜವಾರಿ ಬಳ್ಳೊಳ್ಳಿ. ಕರಾವಳಿಯವರು ಊರಿನದು ಎನ್ನುತ್ತಾರೆ. ಊರಿನ ಬೆಂಡೆ, ಊರಿನ ಸೌತೆ, ಊರಿನ ಹರಿವೆ. ನನಗೆ ಮೂರರಲ್ಲಿ ತುಂಬ ಇಷ್ಟವಾದದ್ದು ಈ ಕೊನೆಯದು. ಬೀಜದ ತಳಿ ಯಾವುದೆಂದು ಅದು ಹೇಳುವುದಿಲ್ಲ, ಯಾವ ಮಣ್ಣಿನದು ಎನ್ನುತ್ತದೆ. ಕರಾವಳಿಯ ಸಂತೆಗಳಿಗೆ ಹಾಸನ, ಚಿಕ್ಕಮಗಳೂರಿನಿಂದ ಲಾರಿಯಲ್ಲಿ ಇಳಿಯುವುದು ಘಟ್ಟದ ತರಕಾರಿ. ಪಕ್ಕದ ಗದ್ದೆಯಿಂದ ಬುಟ್ಟಿಯಲ್ಲಿ ಬಂದದ್ದು ಊರಿನ ತರಕಾರಿ. ಎರಡಕ್ಕೂ ಬೇರೆ ಬೇರೆ ಬೆಲೆ, ಊರಿನದಕ್ಕೆ ಜಾಸ್ತಿ. ಆ ಹೆಚ್ಚಿನ ದುಡ್ಡನ್ನು ಕೊಡುವಾಗ ಅಲ್ಲಿಯವರು ಗೊಣಗುವುದು ಕಡಿಮೆ.

ಅಲ್ಲಿಯ ಸಂತೆಗಳಿಗೂ ದಿನವೇ ಗುರುತು. ಪುತ್ತೂರಿನ ಕಿಲ್ಲೆ ಮೈದಾನದ್ದು ಸೋಮವಾರ, ಕುಂದಾಪುರದ್ದು ಶನಿವಾರ, ಕಾರವಾರದ್ದು ಭಾನುವಾರ. ಮಳೆ ಶುರುವಾಗುವ ಮುಂಚಿನ ಸಂತೆಗಳ ಗತ್ತೇ ಬೇರೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅಷ್ಟರೊಳಗೆ ಒಣಮೀನು, ಈರುಳ್ಳಿ, ಒಣಮೆಣಸು, ಹುಳಿ ಎಲ್ಲವೂ ಮನೆ ಸೇರಬೇಕು. ಕುಮಟಾದ ಸಿಹಿ ಈರುಳ್ಳಿಯನ್ನು ಹೆದ್ದಾರಿ ಪಕ್ಕದಲ್ಲಿ ಗೊಂಚಲು ಕಟ್ಟಿ ತೂಗುಹಾಕುವ ಕಾಲವೂ ಅದೇ. ಅಂಕೋಲಾ, ಕುಮಟಾಗಳಲ್ಲಿ ಕೊರಳ ತುಂಬ ಮಣಿಸರ ಹಾಕಿಕೊಂಡ ಹಾಲಕ್ಕಿ ಹೆಂಗಸರು ತಾವೇ ಬೆಳೆದ ಸೊಪ್ಪನ್ನು ಮುಂದಿಟ್ಟುಕೊಂಡು ಕೂರುತ್ತಾರೆ. ಆ ಸೊಪ್ಪಿನ ಬಗ್ಗೆ ಏನು ಕೇಳಿದರೂ ಅವರ ಬಳಿ ಉತ್ತರವಿದೆ. ಯಾವಾಗ ಬಿತ್ತಿದ್ದು, ಯಾವುದಕ್ಕೆ ಹಾಕಬೇಕು, ಯಾರು ತಿನ್ನಬಾರದು.

ಈ ಕಡಲೂ ಸ್ವಲ್ಪ ಸ್ವಲ್ಪವಾಗಿ ನಮ್ಮ ಬಡಾವಣೆಗಳಿಗೆ ಬರುತ್ತದೆ. ಬನಶಂಕರಿ, ಜಯನಗರಗಳಲ್ಲಿ ‘ಮಂಗಳೂರು ಸ್ಟೋರ್ಸ್’ ಎಂಬ ಬಗೆಯ ಬೋರ್ಡಿನ ಅಂಗಡಿಗಳ ಮುಂದೆ ಮಂಗಳೂರು ಸೌತೆ, ಬಸಳೆ, ಅರಸಿನ ಎಲೆ ಕಾಣುತ್ತವೆ. ಅಷ್ಟಮಿ ಹತ್ತಿರ ಬಂದರೆ ಮೂಡೆಗೆ ಬೇಕಾದ ಕೇದಗೆ ಎಲೆಯೂ ಸಿಗುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮಟ್ಟು ಗುಳ್ಳವೂ ಇಲ್ಲಿಗೆ ಬರುತ್ತದೆ. ವಾದಿರಾಜರು ಕೊಟ್ಟ ಬೀಜವೆಂದು ಉಡುಪಿಯವರು ನಂಬುವ ಈ ಬದನೆಯನ್ನು ಪರ್ಯಾಯಕ್ಕೆ ಕೃಷ್ಣಮಠಕ್ಕೆ ಹೊರೆಕಾಣಿಕೆಯಾಗಿ ಕೊಂಡೊಯ್ಯುತ್ತಾರೆ. ಘಟ್ಟ ಹತ್ತುವಾಗ ಸರಕು ಬರುತ್ತದೆ, ಅಳತೆಯ ಮಾತು ಅಲ್ಲೇ ಉಳಿಯುತ್ತದೆ. ಉಡುಪಿ ಕಡೆಯ ಶಂಕರಪುರದ ಮಲ್ಲಿಗೆಗೆ ಊರಿನಲ್ಲಿ ಚೆಂಡು, ಅಟ್ಟೆಯ ಲೆಕ್ಕ: ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಜಯನಗರದ ಹೂವಿನವರ ಕೈಗೆ ಬಂದರೆ ಎಲ್ಲ ಹೂವಿಗೂ ಮೊಳ, ಮಾರು. ಮೊಳ ಎಂದರೆ ಮಾರುವವರ ಮೊಳಕೈ. ಕೊಳ್ಳುವ ಅಕ್ಕಂದಿರು ಆ ಕೈಯನ್ನೇ ನೋಡುತ್ತಿರುತ್ತಾರೆ.

ಸಂತೆಯಲ್ಲಿ ಹುಟ್ಟಿದ ಮಾತುಗಳಲ್ಲಿ ಕೊಸರು ನನಗೆ ಎಲ್ಲಕ್ಕಿಂತ ಮೇಲಿನದು. ಅಳೆದಾದ ಮೇಲೆ ಮೇಲೊಂದು ಹಿಡಿ ಹಾಕುವುದು ಕೊಸರು. ಅದಕ್ಕಾಗಿ ಎಳೆದಾಡುವುದು ಕೊಸರಾಟ. ಅವರೆಕಾಯಿಯ ದಿನಗಳಲ್ಲಿ ಮಾಗಡಿಯ ಸೊಗಡಿನ ಕಾಯಿ ತೂಗಿದ ಮೇಲೆ ‘ಇನ್ನೊಂದಿಷ್ಟು ಹಾಕಮ್ಮ’ ಎನ್ನದೆ ಚೀಲ ಮುಚ್ಚುವವರು ಅಪರೂಪ. ‘ಬೋಣಿ ಆಗಿಲ್ಲ ತಾಯಿ’ ಎನ್ನುತ್ತಲೇ ಆಕೆ ಹಾಕುತ್ತಾರೆ. ಆ ಹಿಡಿ ಸರಕಿನ ಒಡೆಯರಷ್ಟೇ ಕೊಡಬಲ್ಲದ್ದು. ಸಂಬಳಕ್ಕೆ ನಿಂತವರಿಗೆ ಆ ಅಧಿಕಾರವಿಲ್ಲ, ಹತ್ತು ನಿಮಿಷಕ್ಕೆ ಬಾಗಿಲಿಗೆ ತಂದುಕೊಡುವ ಹುಡುಗನಿಗೂ ಇಲ್ಲ. ಕೊಸರು ಕೇಳುವ ಧೈರ್ಯ ನಮಗೆಲ್ಲಿ ಬರುತ್ತದೋ ಅಲ್ಲಿ ಬೆಳೆದವರೇ ಎದುರಿಗೆ ಇದ್ದಾರೆಂದು ತಿಳಿಯಬಹುದು. ಹಾಗೆಂದು ಕಟ್ಟು ಸೊಪ್ಪಿಗೆ ಐದು ರೂಪಾಯಿ ಇಳಿಸೆಂದು ಕಾಲು ಗಂಟೆ ಕಾದಾಡುವುದನ್ನು ನಾನು ಒಪ್ಪುವುದಿಲ್ಲ. ಕೊಸರು ಕೊಡುವವರ ಮನಸ್ಸಿಗೆ ಸೇರಿದ್ದು, ಕಿತ್ತುಕೊಂಡರೆ ಅದಕ್ಕೆ ಆ ಹೆಸರು ಸಲ್ಲದು.

ಇಷ್ಟು ಕೊಟ್ಟ ಮಾತಿಗೆ ನಾವು ಅಪವಾದವನ್ನೂ ಹೊರಿಸಿದ್ದೇವೆ. ತರಗತಿ ಗಲಾಟೆಯಾದರೆ ಮೇಷ್ಟ್ರು ‘ಇದೇನು ಸಂತೆಯಾ?’ ಎನ್ನುತ್ತಾರೆ. ಅಕ್ಕಮಹಾದೇವಿಯ ಹೆಸರಾಂತ ವಚನದಲ್ಲಿಯೂ ಸಂತೆ ಲೋಕದ ಗದ್ದಲಕ್ಕೆ ನಿಂತ ಮಾತು. ಆದರೆ ಅಕ್ಕ ಅಲ್ಲಿ ಆ ಸದ್ದನ್ನು ಬೈಯುವುದಿಲ್ಲ, ಸಂತೆಯೊಳಗೆ ಮನೆ ಮಾಡಿ ಸದ್ದಿಗೆ ನಾಚುವವರನ್ನು ತಿದ್ದುತ್ತಾಳೆ. ನಾವು ಗದ್ದಲವನ್ನಷ್ಟೇ ನೆನಪಿಟ್ಟುಕೊಂಡೆವು. ನಿಜವಾದ ಸಂತೆಯಲ್ಲಿ ಆ ಸದ್ದಿಗೆ ಅರ್ಥವಿದೆ. ಬೆಲೆ ಕೂಗಿ ಹೇಳಿದರೆ ಎಲ್ಲರಿಗೂ ಗೊತ್ತಾಗುತ್ತದೆ, ಪಕ್ಕದವರು ಕಡಿಮೆ ಕೂಗಿದರೆ ಅದೂ ಗೊತ್ತಾಗುತ್ತದೆ.

ಈಚೆಗೆ ಈ ಮಾತಿಗೆ ಹೊಸ ಮರ್ಯಾದೆ ಬಂದಿದೆ. ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ವರ್ಷಕ್ಕೊಂದು ಭಾನುವಾರ ಚಿತ್ರಸಂತೆ ನೆರೆಸುತ್ತದೆ. 2024ರ ನವೆಂಬರಿನಲ್ಲಿ ವೀರಲೋಕ ಪ್ರಕಾಶನದವರ ಪುಸ್ತಕ ಸಂತೆ ಜಯನಗರದ ಶಾಲಿನಿ ಮೈದಾನದಲ್ಲೇ ನಡೆಯಿತು. ಬಿಡಿಸಿದವರು, ಬರೆದವರು ಎದುರಿಗೆ ಇರುವುದರಿಂದ ಅವು ಸಂತೆಗಳೇ, ಹೆಸರು ಸರಿಯಾಗಿಯೇ ಕೂತಿದೆ. ಬನ್ನೇರುಘಟ್ಟ ರಸ್ತೆಯಲ್ಲಿ ಗ್ರಾಮಸೇವಾ ಸಂಘದವರು ರಾಗಿ ಕಣ ಎಂಬ ಭಾನುವಾರದ ಸಂತೆ ಕಟ್ಟಿದಾಗಲೂ ಕೈಮಗ್ಗದವರು, ಸಾವಯವ ಬೆಳೆಗಾರರು ತಾವೇ ಬಂದು ಕೂತರು. ನನಗೆ ಒಪ್ಪಿಗೆಯಾಗದ್ದು ಇನ್ನೊಂದು ಬಗೆ. ಟಿಕೆಟ್ ಪಡೆದು ಒಳಗೆ ಬಿಡುವ ಹುಲ್ಲುಹಾಸಿನ ಮೇಲೆ, ಮಧ್ಯವರ್ತಿಗಳೇ ತುಂಬಿದ ಮಳಿಗೆಗಳಿಗೆ ‘ಫಾರ್ಮರ್ಸ್ ಮಾರ್ಕೆಟ್’ ಎಂದೋ ‘ಸಂತೆ’ ಎಂದೋ ಹೆಸರಿಡುತ್ತಾರೆ. ಹೊಲದಿಂದ ಬಂದವರು ಒಬ್ಬರೂ ಇಲ್ಲದ ಕಡೆ ಆ ಮಾತನ್ನು ಬಳಸಬಾರದು.

2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ‘ಸಹಜ ಮಾರುಕಟ್ಟೆ’ ಎಂಬುದನ್ನು ಗುರುತಿಸುತ್ತದೆ: ಮಾರುವವರೂ ಕೊಳ್ಳುವವರೂ ಹಿಂದಿನಿಂದ ತಾವಾಗಿ ಸೇರುತ್ತ ಬಂದ ಜಾಗ. ಸಂತೆಗೆ ಕಾನೂನಿನ ಭಾಷೆಯಲ್ಲಿ ಇದಕ್ಕಿಂತ ಹತ್ತಿರದ ಮಾತು ಸಿಗಲಾರದು. ಹಳ್ಳಿಗಳಲ್ಲಿ ಪಂಚಾಯಿತಿಗಳು ಸಂತೆ ಸುಂಕವನ್ನು ಹರಾಜು ಹಾಕುತ್ತವೆ, ಅದಕ್ಕೆ ಪ್ರತಿಯಾಗಿ ಸಂತೆ ಮಾಳವನ್ನು ಬಿಟ್ಟುಕೊಟ್ಟಿರುತ್ತವೆ. ನಮ್ಮ ಬಡಾವಣೆಗಳ ಮೈದಾನಗಳನ್ನೂ ವಾರಕ್ಕೊಂದು ಬೆಳಗು ಹೀಗೆ ಬಿಟ್ಟುಕೊಡಬಹುದು. ಕನಕಪುರ ರಸ್ತೆಯ ಹಳ್ಳಿಯಿಂದ ಮೂರು ಗಂಟೆಗೇ ಮನೆ ಬಿಟ್ಟು ಬಂದ ಹೆಂಗಸಿಗೆ ಅಲ್ಲಿ ಬೇಕಾಗುವುದು ನಲ್ಲಿ, ಶುಚಿಯಾದ ಶೌಚಾಲಯ, ಬಿಸಿಲೇರಿದಾಗ ನೆರಳು, ಊರಿಗೆ ಮರಳುವಾಗ ಖಾಲಿ ಬುಟ್ಟಿಯನ್ನು ಹತ್ತಿಸಿಕೊಳ್ಳುವ ಬಸ್ಸು.